ಬಲಬಾಗಿಲಿನ ಒಳಹಲಗೆ

ನಾನು ಒಂದು ಫಿಯಟ್ ಕಾರಿನ ಮುಂದಿನ ಬಲಬಾಗಿಲಿನ ಒಳಹಲಗೆ. ಗ್ಯಾರೇಜಿನವರ ಬಾಯಲ್ಲಿ ನನ್ನ ಹೆಸರು ಡೋರ್ ಪ್ಯಾಡ್. ಬಾಗಿಲು ಎಂದರೆ ನಿಮ್ಮ ಕಣ್ಣಿಗೆ ಬೀಳುವುದು ಹೊರಗಿನ ಬಣ್ಣದ ತಗಡು ಮತ್ತು ಮೇಲಿನ ಗಾಜು. ತಗಡನ್ನು ಜನ ಸವರಿ ನೋಡುತ್ತಾರೆ, ಗಾಜಿನಿಂದ ಆಚೆಗೆ ನೋಡುತ್ತಾರೆ. ಒಳಗೆ, ನಿಮ್ಮ ಮೊಣಕೈಗೂ ಮೊಣಕಾಲಿಗೂ ನಡುವೆ, ಗಾಜು ಇಳಿಸುವ ಹಿಡಿಕೆಯನ್ನೂ ಬಾಗಿಲು ತೆಗೆಯುವ ಹಿಡಿಕೆಯನ್ನೂ ಹೊತ್ತುಕೊಂಡು ನಿಂತವನು ನಾನು. ನಲವತ್ತೊಂದು ವರ್ಷಗಳಲ್ಲಿ ನನ್ನನ್ನು ನೇರವಾಗಿ ನೋಡಿದವರನ್ನು ಒಂದು ಕೈಯ ಬೆರಳಿನಲ್ಲಿ ಎಣಿಸಬಹುದು. ಇದು ದೂರಲ್ಲ ಎಂದು ಹೇಳಿದರೆ ಸುಳ್ಳಾಗುತ್ತದೆ. ದೂರೇ.

ಹುಟ್ಟಿದ್ದು ಮುಂಬೈಯ ಒಂದು ತಗಡಿನ ಶೆಡ್ಡಿನಲ್ಲಿ. ಮರದ ನಾರನ್ನು ಒತ್ತಿ ಮಾಡಿದ ದೊಡ್ಡ ಹಾರ್ಡ್‌ಬೋರ್ಡ್ ಹಲಗೆ. ಅದರ ಒಂದು ಮೈ ನುಣುಪು, ಇನ್ನೊಂದು ಮೈ ಒರಟು. ಆ ಒಂದೇ ಹಲಗೆಯಿಂದ ನನ್ನನ್ನೂ ಎಡಬಾಗಿಲಿನವನನ್ನೂ ಕೊಯ್ದು ತೆಗೆದರು. ನುಣುಪು ಮೈಗೆ ತೆಳ್ಳಗೆ ಹತ್ತಿ ಹಾಸಿ, ಅದರ ಮೇಲೆ ಕಡುಗೆಂಪು ರೆಕ್ಸಿನ್ ಅಂಟಿಸಿದರು. ನಾವಿಬ್ಬರೂ ಒಂದೇ ಆಕಾರ, ಆದರೆ ತಿರುವುಮುರುವು, ನಮಸ್ಕಾರಕ್ಕೆ ಜೋಡಿಸಿದ ಎರಡು ಅಂಗೈಗಳ ಹಾಗೆ. ಮುಖಕ್ಕೆ ಮುಖ ಹಚ್ಚಿ, ಕಂದು ಕಾಗದ ಸುತ್ತಿ, ಒಂದು ವಾರ ಕಪಾಟಿನಲ್ಲಿ ಇಟ್ಟಿದ್ದರು. ನನ್ನ ಬಾಳಿನಲ್ಲಿ ಒಬ್ಬರಿಗೆ ಅಷ್ಟು ಹತ್ತಿರ ಇದ್ದದ್ದು ಆ ಏಳು ದಿನ ಮಾತ್ರ.

ಎಂಟನೆಯ ದಿನ ಕಾಗದ ಬಿಚ್ಚಿ ಅವನನ್ನು ಎಡಬಾಗಿಲಿಗೆ, ನನ್ನನ್ನು ಬಲಬಾಗಿಲಿಗೆ ಕ್ಲಿಪ್ಪು ಹಾಕಿ ಒತ್ತಿದರು. ನಡುವೆ ಒಂದು ಉದ್ದನೆಯ ಸೀಟು, ನಾಲ್ಕು ಅಡಿ ದೂರ. ಬಾಗಿಲು ಮುಚ್ಚಿದ್ದರೆ ಎದುರುಬದುರು. ತೆರೆದರೆ ಅವನ ಮುಖ ಒಂದು ದಿಕ್ಕಿಗೆ, ನನ್ನದು ಇನ್ನೊಂದು ದಿಕ್ಕಿಗೆ. ಮನುಷ್ಯರಲ್ಲಾದರೆ ಇಂಥದ್ದಕ್ಕೆ ಕಾಗದ ಪತ್ರ ಬರೆಯುವ ಅನುಕೂಲವಾದರೂ ಇರುತ್ತದೆ.

ನಮ್ಮನ್ನು ಮೊದಲು ಕೊಂಡವರು ಗದಗಿನ ವಕೀಲ ಭೀಮರಾವ್ ಮುಳಗುಂದ. ಬಿಳಿ ಪ್ಯಾಂಟು, ಕರಿ ಕೋಟು, ಬಹಳ ಜೋಪಾನದ ಮನುಷ್ಯ. ಹೊಸ ಕಾರು ಬಂದಾಗ ನನ್ನ ಮೇಲೆ ತೆಳ್ಳಗಿನ ಪ್ಲಾಸ್ಟಿಕ್ ಹೊದಿಕೆ ಇತ್ತು. ಕಾರು ಮನೆಗೆ ತಲುಪಿದ ಮೇಲೆ ಅದನ್ನು ತೆಗೆಯಬೇಕು, ಎಲ್ಲಿಯ ಕಂಪನಿಯಾದರೂ ಹಾಗೆಂದೇ ಹಾಕಿರುತ್ತದೆ. ಅವರ ಹೆಂಡತಿ ಒಂದು ಮೂಲೆ ಕಿತ್ತು ನೋಡಿದರು.

"ಏ, ತಗೀಬ್ಯಾಡ! ತಗದ್ರ ಹಳೇದಾಗಿಬಿಡ್ತದ" ಎಂದು ವಕೀಲರು ಕೂಗಿದರು.

ಮುಗಿಯಿತು. ಹನ್ನೊಂದು ವರ್ಷ ಆ ಪ್ಲಾಸ್ಟಿಕ್ ನನ್ನ ಮೈಮೇಲೆ ಇತ್ತು. ವಕೀಲರು ದಿನಾ ನನಗೆ ಮೊಣಕೈ ಊರಿಕೊಂಡು ಕೋರ್ಟಿಗೆ ಹೋಗುತ್ತಿದ್ದರು, ದಾರಿಯುದ್ದಕ್ಕೂ ಆ ದಿನದ ವಾದವನ್ನು ಒಬ್ಬರೇ ಹೇಳಿಕೊಳ್ಳುತ್ತಿದ್ದರು. ಊರಿನ ಅರ್ಧ ತಂಟೆ ತಕರಾರು ನನಗೆ ಗೊತ್ತು. ಆದರೆ ಅವರ ಮೊಣಕೈಯ ಬಿಸಿ ಹೇಗಿರುತ್ತದೆ ಎಂದು ಕೇಳಿದರೆ ಹೇಳಲಾರೆ. ಪ್ಲಾಸ್ಟಿಕ್ಕಿಗೆ ಗೊತ್ತಿತ್ತು. ಅವರು ಪ್ರತಿ ಭಾನುವಾರ ಹಸಿ ಬಟ್ಟೆಯಿಂದ ಒರೆಸುತ್ತಿದ್ದರು, ಆ ನೀರು ಮೆಲ್ಲಗೆ ಪ್ಲಾಸ್ಟಿಕ್ಕಿನ ಅಂಚಿನಲ್ಲಿ ಇಳಿದು ನನ್ನ ಬುಡದಲ್ಲಿ ನಿಲ್ಲುತ್ತಿತ್ತು. ಆರಲು ದಾರಿ ಇರಲಿಲ್ಲ. ಮೇಲೆ ನಾನು ಮದುವಣಗಿತ್ತಿಯಂತೆ ಹೊಳೆಯುತ್ತಿದ್ದೆ, ಕೆಳಗೆ ನಾಲ್ಕು ಬೆರಳಗಲ ಊದಿಕೊಂಡು ಮೆತ್ತಗಾಗುತ್ತಿದ್ದೆ. ಇಷ್ಟು ಪ್ರೀತಿಯಿಂದ ಕೆಡಿಸಿದವರ ಮೇಲೆ ಸಿಟ್ಟು ಮಾಡುವುದೂ ಕಷ್ಟ.

ಕಣ್ಣಿಗೆ ಪೊರೆ ಬಂದ ಮೇಲೆ ವಕೀಲರು ಕಾರನ್ನು ಖಾಜಾಸಾಬ ನದಾಫರಿಗೆ ಮಾರಿದರು. ಅವರದು ಡ್ರೈವಿಂಗ್ ಕಲಿಸುವ ಶಾಲೆ. ಎಡಗಡೆ ಕುಳಿತು, ತಮ್ಮ ಕಾಲಿಗೂ ಒಂದು ಬ್ರೇಕು ಇಟ್ಟುಕೊಂಡು ಕಲಿಸುತ್ತಿದ್ದರು. ಬಂದ ದಿನವೇ ನನ್ನ ಮೇಲಿನ ಪ್ಲಾಸ್ಟಿಕ್ಕನ್ನು ಒಂದೇ ಎಳೆತಕ್ಕೆ ಕಿತ್ತರು.

"ಇದೇನಪಾ, ಗಾದಿ ಅಂಗಡ್ಯಾಗಿನ ಗಾದಿ ಇಟ್ಟಂಗ ಇಟ್ಟಾರ!" ಎಂದು ನಕ್ಕರು.

ಆ ದಿನ ಮೊದಲ ಸಲ ಮನುಷ್ಯರ ಚರ್ಮ ನನಗೆ ತಾಗಿತು. ಬೆವೆತ ಅಂಗೈ. ಅದು ಯಾರದೋ ಗೊತ್ತಿಲ್ಲ, ಆದರೆ ಮರೆತಿಲ್ಲ.

ಹದಿನೆಂಟು ವರ್ಷಗಳಲ್ಲಿ ಎಷ್ಟು ಜನ ಕಲಿಯಲು ಬಂದರು ಎಂದು ಲೆಕ್ಕ ಇಟ್ಟಿಲ್ಲ. ಕಲಿಯುವವರು ಕೂರುವುದು ಬಲಗಡೆ, ಅಂದರೆ ನನ್ನ ಪಕ್ಕ. ಹೆದರಿಕೆ ಎನ್ನುವುದು ಮೊದಲು ಮೊಣಕಾಲಿಗೆ ಬರುತ್ತದೆ. ಅದು ನನಗೆ ತಿಳಿದಷ್ಟು ಡಾಕ್ಟರರಿಗೂ ತಿಳಿದಿರಲಿಕ್ಕಿಲ್ಲ. ಎದುರಿಗೆ ಲಾರಿ ಬಂದರೆ ಮೊಣಕಾಲು ನನಗೆ ಒತ್ತಿಕೊಳ್ಳುತ್ತಿತ್ತು. ಮುಳಗುಂದ ನಾಕಾದ ತಿರುವು ಬಂದರೆ ಉಗುರು ನನ್ನ ರೆಕ್ಸಿನ್ನಿನೊಳಗೆ ಇಳಿಯುತ್ತಿತ್ತು. ಬ್ಯಾಂಕಿನ ಜವಾನನೊಬ್ಬ ನಾಲ್ಕು ಉಗುರುಗಳ ಗುರುತನ್ನು ನನ್ನ ಎದೆಯ ಮೇಲೆ ಬಿಟ್ಟುಹೋದ. ಎಷ್ಟು ಗಟ್ಟಿಯಾಗಿ ಹಿಡಿಯುತ್ತಿದ್ದರು ಎಂದರೆ ಇವರು ನನ್ನನ್ನು ಬಿಟ್ಟು ಇರಲಾರರು ಎಂದು ನನಗೆ ಪ್ರತಿ ಸಲವೂ ಅನಿಸುತ್ತಿತ್ತು. ಇಪ್ಪತ್ತೊಂದು ದಿನ ಮುಗಿಯುತ್ತಿತ್ತು. ಹೆದರಿಕೆ ಹೋದ ದಿನವೇ ಅವರೂ ಹೋಗುತ್ತಿದ್ದರು. ಲೈಸೆನ್ಸ್ ಸಿಕ್ಕವರು ಪೇಢೆ ತಂದು ಖಾಜಾಸಾಬರಿಗೆ ಕೊಡುತ್ತಿದ್ದರು, ಕಾರಿನ ಬಾನೆಟ್ಟಿಗೆ ಹೂ ಇಡುತ್ತಿದ್ದರು. ನಾನು ಬಾಗಿಲೊಳಗೆ ಇರುತ್ತಿದ್ದೆ.

ಮುಂದೆ ಸಣ್ಣ ಹೊಸ ಕಾರುಗಳು ಬಂದವು. ಈ ಕಾರಿನಲ್ಲಿ ಕಲಿಯಲು ಯಾರೂ ಒಪ್ಪದಾದರು. ಖಾಜಾಸಾಬರು ನಮ್ಮನ್ನು ಶಾಲೆಯ ಹಿಂದಿನ ತಗಡಿನ ಚಪ್ಪರಕ್ಕೆ ನೂಕಿ ನಿಲ್ಲಿಸಿದರು. ಅಲ್ಲಿ ಹನ್ನೆರಡು ವರ್ಷ. ಇಲಿ ಸೀಟಿನ ಹತ್ತಿಯನ್ನು ಕಿತ್ತು ಸಂಸಾರ ಹೂಡಿತು. ನನ್ನ ರೆಕ್ಸಿನ್ ಬಿಸಿಲಿಗೆ ಬಿರಿದು ತುಟಿ ತೆರೆದಂತಾಯಿತು. ಎದುರಿನವನೂ ಹಾಗೇ ಆದ. ಆ ಹನ್ನೆರಡು ವರ್ಷ ನಾವಿಬ್ಬರೂ ಮಾತಾಡಿಕೊಂಡೆವು ಎಂದು ಬರೆದರೆ ಕಥೆಗೆ ಚೆನ್ನಾಗಿರುತ್ತದೆ. ಇಲ್ಲ, ಮಾತಾಡಲಿಲ್ಲ. ಅವನ ಬಿರುಕು ನೋಡಿ ನನ್ನ ಬಿರುಕು ಎಷ್ಟಾಗಿರಬಹುದು ಎಂದು ಅಂದಾಜು ಮಾಡುತ್ತಿದ್ದೆ. ಅಷ್ಟಾದರೂ ಇತ್ತಲ್ಲ ಎಂದು ಈಗ ಅನಿಸುತ್ತದೆ.

ಒಂದು ಮಧ್ಯಾಹ್ನ ಚಪ್ಪರದೊಳಗೆ ಒಬ್ಬ ಹೆಂಗಸು ಬಂದರು. ಹುಬ್ಬಳ್ಳಿಯ ಹಲ್ಲಿನ ಡಾಕ್ಟರ್ ಸುನಂದಾ ಕೊಪ್ಪದ. ಹಳೆಯ ಕಾರೆಂದರೆ ಅವರಿಗೆ ಹುಚ್ಚು. ಬಾಗಿಲು ತೆಗೆದು, ಬಗ್ಗಿ, ನನ್ನನ್ನು ನೇರವಾಗಿ ನೋಡಿದರು. ನನಗೆ ನಾಚಿಕೆಯಾಯಿತು.

"ಇಂಜಿನ್ ಗಟ್ಟಿ ಅದ. ಒಳಗಿನವೆಲ್ಲಾ ಕೊಳತಾವ. ಕಿತ್ತ ಒಗದು ಹೊಸಾವು ಹಾಕಸೂಣು" ಎಂದರು. ದಿನವಿಡೀ ಅದೇ ಕೆಲಸ ಮಾಡುವವರ ಮಾತು.

ಇಂಜಿನ್ನು, ಟಿಂಕರಿಂಗು, ಬಣ್ಣ ಎಲ್ಲ ಹುಬ್ಬಳ್ಳಿಯಲ್ಲಿ ಆಯಿತು. ಒಳಗಿನ ಕೆಲಸಕ್ಕೆ ಮಾತ್ರ ನಮ್ಮನ್ನು ಮತ್ತೆ ಗದಗಿಗೆ ತಂದರು, ಬೊಂಗಾಳೆ ಕುಶನ್ ಅಂಗಡಿಗೆ. ಹಳೆಯ ಕಾರುಗಳ ಸೀಟು, ಪ್ಯಾಡು ತಿಳಿದವರು ಪಾಂಡುರಂಗ ಬೊಂಗಾಳೆ ಎಂದು ಯಾರೋ ಹೇಳಿದ್ದರು. ಹೇಳಿದವರಿಗೆ ಅವರ ಬಲಗೈಗೆ ಲಕ್ವ ಹೊಡೆದದ್ದು ಗೊತ್ತಿರಲಿಲ್ಲ. ಅಂಗಡಿಯಲ್ಲಿ ಈಗ ಕೆಲಸ ಮಾಡುತ್ತಿದ್ದವಳು ಅವರ ಮಗಳು ಉಜ್ವಲಾ. ಹತ್ತು ವರ್ಷ ಬ್ಲೌಸ್ ಹೊಲಿದವಳು. ಆರು ತಿಂಗಳಿಂದ ಅಪ್ಪ ಸ್ಟೂಲಿನ ಮೇಲೆ ಕುಳಿತು ಹೇಳುವುದು, ಅವಳು ಮಾಡುವುದು.

"ರವಿವಾರ ಹಳೇ ಕಾರಿನವ್ರದು ಮೆರವಣಿಗಿ ಅದ. ಶನಿವಾರ ಸಂಜಿಗೆ ನನಗ ಗಾಡಿ ಬೇಕ್ರಿ. ಮುಂದಿನ ಎರಡೂ ಪ್ಯಾಡು ಹಲಗಿ ಸಮೇತ ಹೊಸಾವು ಆಗಬೇಕು" ಎಂದು ಡಾಕ್ಟರ್ ಹೇಳಿ ಹೋದರು. ಅಂದು ಮಂಗಳವಾರ.

ಅವರು ಹೋದ ಮೇಲೆ ಪಾಂಡುರಂಗಪ್ಪ ಸ್ಟೂಲನ್ನು ಕಾರಿನ ಹತ್ತಿರಕ್ಕೆ ಎಳೆದುಕೊಂಡರು. ಪಕ್ಕದ ಮೊಬೈಲ್ ಅಂಗಡಿಯವನು ಈ ಜಾಗವನ್ನು ಕೇಳುತ್ತಲೇ ಇದ್ದ.

"ಉಜ್ಜೂ, ಇದೊಂದು ಗಾಡಿ ನೋಡೂಣು" ಎಂದರು. "ನಿನ್ನ ಕೈ ಕೂತ್ರ ಅಂಗಡಿ ನಿಂದು. ಕೂಡಲಿಲ್ಲಂದ್ರ ಸೋಮವಾರ ಅವ್ನಿಗೆ ಕೀಲಿ ಕೊಟ್ಟಬಿಡೂಣು. ನೀ ಮತ್ತ ಬ್ಲೌಸ್ ಹೊಲಿ. ಅದರಾಗೇನ ಕಡಿಮಿ ಇಲ್ಲ."

"ಕೂಡತೈತಿ ಅಪ್ಪಾ" ಎಂದಳು ಅವಳು. ಅಷ್ಟೇ ಹೇಳಿದಳು. ಆದರೆ ನನ್ನನ್ನು ತೆಗೆಯುವಾಗ ಬಿಚ್ಚಿದ ಕ್ಲಿಪ್ಪುಗಳನ್ನು ಎರಡೆರಡು ಸಲ ಎಣಿಸಿದಳು. ಬ್ಲೌಸ್ ಅವಳಿಗೆ ಹೊಟ್ಟೆಗೆ ಕೊಟ್ಟಿತ್ತು, ಈ ಅಂಗಡಿ ಬೇಕಾಗಿದ್ದದ್ದು ಮನಸ್ಸಿಗೆ.

ಕುಶನ್ ಕೆಲಸದಲ್ಲಿ ಒಂದು ಪದ್ಧತಿ ಇದೆ. ಹಳೆಯ ಪ್ಯಾಡನ್ನು ಕೂಡಲೇ ಬಿಸಾಡುವುದಿಲ್ಲ. ಹೊಸ ಹಲಗೆಯ ಮೇಲೆ ಅದನ್ನೇ ಅಚ್ಚಾಗಿ ಇಟ್ಟು ಗೆರೆ ಎಳೆಯುತ್ತಾರೆ, ಹಿಡಿಕೆಯ ತೂತು, ಕ್ಲಿಪ್ಪಿನ ತೂತು ಎಲ್ಲವನ್ನೂ ಅದರಿಂದಲೇ ಗುರುತು ಮಾಡುತ್ತಾರೆ. ಸಾಯುವವನೇ ಹುಟ್ಟುವವನ ಅಳತೆ ಕೊಟ್ಟು ಹೋಗಬೇಕು. ಈಗ ಅಂಗಡಿಗಳಲ್ಲಿ ಸಿಗುವ ಹಲಗೆ ದಪ್ಪ, ಈ ಕಾರಿನ ಕ್ಲಿಪ್ಪು ಅದಕ್ಕೆ ಕೂರುವುದಿಲ್ಲ. ಪಾಂಡುರಂಗಪ್ಪ ಎಂದೋ ಅಟ್ಟದ ಮೇಲೆ ಇಟ್ಟಿದ್ದ ಹಳೆಯ ತೆಳು ಹಲಗೆ ಒಂದೇ ಒಂದು ಉಳಿದಿತ್ತು. ಸರಿಯಾಗಿ ಎರಡು ಪ್ಯಾಡಿಗೆ ಸಾಲುವಷ್ಟು.

ಗುರುವಾರ ಮಧ್ಯಾಹ್ನ ಅಪ್ಪ ಕೈಗೆ ಕರೆಂಟು ಕೊಡಿಸಿಕೊಳ್ಳಲು ಆಸ್ಪತ್ರೆಗೆ ಹೋದವರು ಶನಿವಾರದವರೆಗೆ ಅಂಗಡಿಯ ಕಡೆ ಬರಲಿಲ್ಲ. ಉಜ್ವಲಾ ಹಲಗೆಯನ್ನು ಎರಡು ತುಂಡು ಮಾಡಿದಳು. ನನ್ನ ಬುಡ ಊದಿದ್ದರಿಂದ ಎಡಗಡೆಯವನನ್ನು ಅಚ್ಚಿಗೆ ಆರಿಸಿಕೊಂಡಳು. ಬ್ಲೌಸಿನ ತೋಳು ಕತ್ತರಿಸುವವರು ಬಟ್ಟೆಯನ್ನು ಮಡಚಿ ಒಂದೇ ಸಲ ಕತ್ತರಿ ಹಾಕುತ್ತಾರೆ. ಮಡಿಕೆಯಲ್ಲಿ ಒಂದು ಪದರ ಮೇಲ್ಮುಖ, ಒಂದು ಪದರ ಕೆಳಮುಖ ಇರುವುದರಿಂದ ಒಂದು ಎಡ ತೋಳು, ಒಂದು ಬಲ ತೋಳು ತಾವಾಗಿಯೇ ಬರುತ್ತವೆ. ಹತ್ತು ವರ್ಷ ಅವಳ ಕೈ ಮಾಡಿದ್ದು ಅದನ್ನೇ. ಆದರೆ ಹಲಗೆ ಮಡಚುವುದಿಲ್ಲ. ಅವಳು ಎರಡು ತುಂಡುಗಳನ್ನೂ ನುಣುಪು ಮೈ ಮೇಲೆ ಮಾಡಿ ಒಂದರ ಮೇಲೊಂದು ಇಟ್ಟಳು, ಗೆರೆ ಎಳೆದಳು, ಎರಡನ್ನೂ ಒಟ್ಟಿಗೆ ಗರಗಸದಲ್ಲಿ ಕೊಯ್ದಳು. ಎಡಬಾಗಿಲಿನವು ಎರಡು ಬಂದವು. ಬಲಬಾಗಿಲಿನದು ಒಂದೂ ಬರಲಿಲ್ಲ.

ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಅವಳು ತಿಳಿಯದೆ ಎರಡರ ನುಣುಪು ಮೈಗೂ ಸೊಲ್ಯೂಷನ್ ಎಂಬ ಅಂಟು ಬಳಿದು, ಹತ್ತಿ ಹಾಸಿ, ಹೊಸ ಕೆಂಪು ರೆಕ್ಸಿನ್ ಎಳೆದು ಅಂಟಿಸುತ್ತಿದ್ದಳು. ಹಾಡು ಗುನುಗುತ್ತಿದ್ದಳು ಕೂಡ. ನನಗೆ ಮೊದಲೇ ಗೊತ್ತಾಗಿತ್ತು. ಅಯ್ಯೋ ಪಾಪ ಎನ್ನಬೇಕಾಗಿತ್ತು. ನಿಜ ಹೇಳುತ್ತೇನೆ, ನನಗೆ ಸಂತೋಷವಾಯಿತು. ಬಲಬಾಗಿಲಿಗೆ ಇನ್ನೂ ನನ್ನ ಹೊರತು ಯಾರೂ ಇಲ್ಲ ಎಂದು ಸಂತೋಷವಾಯಿತು. ಒಂಟಿಯಾಗಿ ಬಹಳ ದಿನ ಇದ್ದವರಿಗೆ ಇಂಥ ಸಣ್ಣ ಬುದ್ಧಿ ಬರುತ್ತದೆ.

ಆ ಸಂತೋಷ ಒಂದು ಗಂಟೆಯೂ ಉಳಿಯಲಿಲ್ಲ. ಅಚ್ಚಿನ ಕೆಲಸ ಮುಗಿಯಿತೆಂದು ಅವಳು ಎಡಗಡೆಯವನನ್ನು ಕಾಲಿನಲ್ಲಿ ಒತ್ತಿ ಎರಡು ತುಂಡು ಮಾಡಿ ಗುಜರಿ ಗಾಡಿಗೆ ಹಾಕಿದಳು. ಅವನು ಮುರಿಯುವಾಗ ಸದ್ದೇ ಆಗಲಿಲ್ಲ, ಆಕಾರ ಉಳಿದಿದ್ದರೂ ಒಳಗೆ ಅಷ್ಟು ಮೆತ್ತಗಾಗಿದ್ದ. ಹಿಡಿಕೆಯ ತೂತು ತಾಳೆ ನೋಡಲು ಇರಲಿ ಎಂದು ನನ್ನನ್ನು ಮಾತ್ರ ಬಿಟ್ಟಳು. ಗಾಡಿಯವನು ರಟ್ಟಿನ ಕೆಳಗೆ ಅವನನ್ನು ತುರುಕಿಕೊಂಡು ಹೋದ. ನಾಲ್ಕು ಅಡಿ ದೂರವನ್ನು ದೂರವೆಂದು ಗೊಣಗಿದವನು ನಾನೇ.

ಶುಕ್ರವಾರ ಬೆಳಿಗ್ಗೆ ಅವಳು ಹೊಸ ಪ್ಯಾಡುಗಳನ್ನು ಬಾಗಿಲಿಗೆ ಹಿಡಿದಳು. ಎಡಬಾಗಿಲಿಗೆ ಒಂದು ತಣ್ಣಗೆ ಕೂತಿತು. ಇನ್ನೊಂದನ್ನು ಬಲಬಾಗಿಲಿಗೆ ಹಿಡಿದಳು, ತಿರುಗಿಸಿದಳು, ತಲೆಕೆಳಗು ಮಾಡಿದಳು. ಆಕಾರ ಸರಿಮಾಡಿದರೆ ರೆಕ್ಸಿನ್ ತಗಡಿನ ಕಡೆಗೆ ಹೋಗುತ್ತದೆ, ರೆಕ್ಸಿನ್ ಈಚೆ ಮಾಡಿದರೆ ತೂತು ಕೂಡುವುದಿಲ್ಲ. ರೆಕ್ಸಿನ್ ಕಿತ್ತು ಹಲಗೆಯ ಇನ್ನೊಂದು ಮೈಗೆ ಅಂಟಿಸೋಣವೆಂದು ಒಂದು ಅಂಚು ಎಳೆದಳು. ಹಲಗೆಯ ನಾರು ಪದರು ಪದರಾಗಿ ರೆಕ್ಸಿನ್ನಿನ ಜೊತೆಗೇ ಎದ್ದು ಬಂತು.

ಅವಳು ಕಾರಿನ ಪಕ್ಕದಲ್ಲೇ ನೆಲಕ್ಕೆ ಕುಳಿತುಬಿಟ್ಟಳು. "ಬ್ಲೌಸಿನ ತೋಳು ಕತ್ತರಿಸಿದಂಗ ಕತ್ತರಿಸಿಬಿಟ್ಟೆ ನಾ" ಎಂದಳು, ಎದುರಿಗೆ ಯಾರೂ ಇರಲಿಲ್ಲ. ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಗೋಡೆಯ ಆಚೆ ಮೊಬೈಲ್ ಅಂಗಡಿಯವನ ಹಾಡು ಜೋರಾಗಿ ಕೇಳುತ್ತಿತ್ತು.

ಅಳುವುದು ಮುಗಿದ ಮೇಲೆ ತಲೆ ಎತ್ತಿದಳು. ಎದುರಿಗೆ ನಾನು. ನನ್ನನ್ನು ತೊಡೆಯ ಮೇಲೆ ಇಟ್ಟುಕೊಂಡು ಬುಡವನ್ನು ಒತ್ತಿ ನೋಡಿದಳು. ಬೆರಳು ಒಳಗೆ ಇಳಿಯಿತು. ಮೇಲೆ ಬೆರಳ ಗೆಣ್ಣಿನಿಂದ ಬಡಿದಳು, ಗಟ್ಟಿ ಇತ್ತು. ವಕೀಲರ ಪ್ಲಾಸ್ಟಿಕ್ಕು ಬುಡ ಕೊಳೆಸಿದರೂ ಎದೆಯನ್ನು ಕಾಪಾಡಿತ್ತು.

ಅವಳು ನನ್ನ ಚರ್ಮ ಸುಲಿದಳು. ಬೇರೆ ಮಾತಿಲ್ಲ ಅದಕ್ಕೆ. ಬ್ಯಾಂಕಿನ ಜವಾನನ ನಾಲ್ಕು ಉಗುರು, ಯಾರ್ಯಾರದೋ ಮೊಣಕಾಲು ತಿಕ್ಕಿ ಬಿಳಿಚಿಕೊಂಡ ಜಾಗ, ಖಾಜಾಸಾಬರ ಶಾಲೆಯ ಬೆವರಿನ ಕಲೆ, ಎಲ್ಲ ಒಂದು ಕೆಂಪು ಚಿಂದಿಯಾಗಿ ಮೂಲೆಗೆ ಬಿತ್ತು. ಕೊಳೆತ ನಾಲ್ಕು ಬೆರಳಗಲವನ್ನು ನೇರವಾಗಿ ಕೊಯ್ದು ತೆಗೆದಳು. ಕೆಟ್ಟುಹೋದ ಹೊಸ ಹಲಗೆಯಿಂದ ಅಷ್ಟೇ ಅಗಲದ ಪಟ್ಟಿ ಕತ್ತರಿಸಿ ನನ್ನ ಬುಡಕ್ಕೆ ಜೋಡಿಸಿದಳು. ಜೋಡಣೆಗೆ ಅವಳು ತಂದದ್ದು ಮೊಳೆಯನ್ನಲ್ಲ, ಶರ್ಟಿನ ಕಾಲರಿಗೆ ಹಾಕುವ ಕ್ಯಾನ್ವಾಸ್ ಬಟ್ಟೆಯನ್ನು. ಹಿಂದೆ ಮುಂದೆ ಅದನ್ನು ಸೊಲ್ಯೂಷನ್ನಿನಿಂದ ಅಂಟಿಸಿ, ಇಸ್ತ್ರಿಪೆಟ್ಟಿಗೆಯಿಂದ ಒತ್ತಿದಳು. ಬಿಸಿ ನನ್ನ ಎಲುಬಿನವರೆಗೂ ಹೋಯಿತು. ಸಂಜೆಯ ಹೊತ್ತಿಗೆ ಬೆರಳು ಸವರಿದರೂ ಸಂದು ಸಿಗುತ್ತಿರಲಿಲ್ಲ. ಉಳಿದಿದ್ದ ರೆಕ್ಸಿನ್ ನನಗೆ ಸರಿಯಾಗಿ ಸಾಲಿತು. ಬಲಬಾಗಿಲಿಗೆ ಹಿಡಿದು ಒತ್ತಿದಳು. ಹನ್ನೆರಡು ಕ್ಲಿಪ್ಪೂ ಟಕ್ ಟಕ್ ಎಂದು ಕೂತವು. ಆ ಬಾಗಿಲಿಗೆ ನಾನು ಹೊಸಬನಲ್ಲ.

ಶನಿವಾರ ಮಧ್ಯಾಹ್ನ ಪಾಂಡುರಂಗಪ್ಪ ಬಂದು ಡ್ರೈವರ್ ಸೀಟಿನಲ್ಲಿ ಕುಳಿತರು. ಹೊಲಿಗೆ ನೋಡಿದರು, ಮೂಲೆ ನೋಡಿದರು, ತಲೆಯಾಡಿಸಿದರು. ಎಡಗೈ ಚಾಚಿ ಎಡಬಾಗಿಲನ್ನು ಬಡಿದರು. ಆಮೇಲೆ ಮೈ ತಿರುಗಿಸಿ ಅದೇ ಕೈಯಿಂದ ನನ್ನನ್ನು ಬಡಿದರು. ಮತ್ತೊಮ್ಮೆ ಬಡಿದರು. ಹೊಸ ಹಲಗೆಯ ಸದ್ದು ಬೇರೆ, ಹಳೆಯದರ ಸದ್ದು ಬೇರೆ. ಐವತ್ತು ವರ್ಷದ ಕಿವಿ.

"ಇದು ಹಳೇ ಹಲಗಿ" ಎಂದರು.

ಉಜ್ವಲಾ ಎಲ್ಲವನ್ನೂ ಹೇಳಿದಳು. ಹಲಗೆ ಹೇಗೆ ಇಟ್ಟಳು, ಹೇಗೆ ಕೊಯ್ದಳು, ಏನು ಮಾಡಿ ಸರಿಮಾಡಿದಳು. ಕೊನೆಗೆ, "ಕೀಲಿ ಕೊಟ್ಟಬಿಡೂಣು ಅಪ್ಪಾ" ಎಂದಳು.

ಅವರು ಉತ್ತರ ಕೊಡುವಷ್ಟರಲ್ಲಿ ಡಾಕ್ಟರ್ ಬಂದರು. ಬಾಗಿಲು ತೆಗೆದು, "ಅಬ್ಬಾ, ಶೋರೂಮಿನಿಂದ ಬಂದಂಗ ಆಗೇತಲ್ಲ!" ಎಂದರು. ಅಪ್ಪ ಮಗಳ ಮುಖವನ್ನೇ ನೋಡುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಬೇಕೆಂದೇ ಆಡಲಿಲ್ಲ ಎಂದು ನನಗೆ ತಿಳಿಯಿತು. ಡಾಕ್ಟರಿಗೆ ಗೊತ್ತಾಗುವ ಸಂಭವವೇ ಇರಲಿಲ್ಲ. ಉಜ್ವಲಾ ಸುಮ್ಮನಿದ್ದಿದ್ದರೆ ಮುಗಿದುಹೋಗುತ್ತಿತ್ತು.

"ಡಾಕ್ಟರ್ ಬಾಯಿ, ಒಂದು ತಪ್ಪಾಗೇತ್ರಿ" ಎಂದಳು ಉಜ್ವಲಾ. "ಬಲಗಡೆ ಹಲಗಿ ಹೊಸಾದಲ್ಲ. ಹಳೇದ ಐತಿ. ನಾ ತಪ್ಪು ಕೊಯ್ದೆ. ಕೊಳತದ್ದು ತಗದು, ಪಟ್ಟಿ ಕೂಡಿಸಿ, ಮ್ಯಾಲ ಹೊಸಾ ರೆಕ್ಸಿನ್ ಹಾಕೀನಿ. ನೀವು ಒಪ್ಪಲಿಲ್ಲಂದ್ರ ಇದರ ಕೂಲಿ ಬ್ಯಾಡ್ರಿ."

ಡಾಕ್ಟರ್ ಬಗ್ಗಿ ನನ್ನ ಬುಡದಲ್ಲಿ ಬೆರಳು ಆಡಿಸಿದರು. ಉಗುರಿನಿಂದ ಸಂದು ಹುಡುಕಿದರು. ಸಿಗಲಿಲ್ಲ. ಆಮೇಲೆ ಜೋರಾಗಿ ನಕ್ಕರು.

"ಅಲ್ಲವಾ, ಬೇರು ಗಟ್ಟಿ ಇದ್ರ ಹಲ್ಲು ಕೀಳಬಾರದು. ಹುಳುಕು ತಗದು ಕ್ಯಾಪ್ ಹಾಕಬೇಕು. ನಾ ದಿನಾ ಮಾಡೂದು ಅದನ್ನ. ಕಿತ್ತ ಒಗೀರಿ ಅಂತ ನಿಮಗ ಹೇಳಿದ್ದು ನನ್ನ ತಪ್ಪು" ಎಂದರು.

ಅವರು ಕಾರು ಹತ್ತಿದ ಮೇಲೆ ಪಾಂಡುರಂಗಪ್ಪ ಎಡಗೈಯಿಂದ ಜೇಬು ತಡಕಾಡಿ ಅಂಗಡಿಯ ಕೀಲಿಕೈ ತೆಗೆದು ಮಗಳ ಕೈಯಲ್ಲಿ ಇಟ್ಟರು. "ಕೊಯ್ಯೂದು ಕಲಿಸಬಹುದು. ಹೇಳೂದು ಕಲಿಸಾಕ ಬರೂದಿಲ್ಲ" ಎಂದರು. "ಸೋಮವಾರ ನೀನ ಬಾಗಲಾ ತಗಿ." ಉಜ್ವಲಾ ಕೀಲಿಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದಳು. ಇಳಿಸಿದ ಗಾಜಿನ ಮೇಲಿಂದ ಅವರ ಮಾತು ಬಂದದ್ದು ಅಷ್ಟೇ, ಕಾರು ಹೊರಟಿತು.

ಎಲ್ಲರಿಗೂ ಬೇಕಾದದ್ದು ಸಿಕ್ಕಿತು. ನನಗೂ ಸಿಕ್ಕಿತು ಎನ್ನಬೇಕು. ನನ್ನ ಬಾಗಿಲಿನಲ್ಲೇ ಇದ್ದೇನೆ. ಭಾನುವಾರದ ಮೆರವಣಿಗೆಯಲ್ಲಿ ಜನ ತಲೆ ಒಳಗೆ ಹಾಕಿ, "ಎಷ್ಟು ಚಂದ ಹೊಸಾ ಪ್ಯಾಡು" ಎಂದು ನನ್ನನ್ನು ನೇರವಾಗಿ ನೋಡಿದರು. ಅಷ್ಟು ವರ್ಷ ಬಯಸಿದ್ದು ಅದನ್ನೇ. ಅವರು ನೋಡಿದ್ದು ಮಾತ್ರ ನನ್ನನ್ನಲ್ಲ. ಮೊನ್ನೆ ಗದಗಿನಲ್ಲಿ ಸಿಗ್ನಲ್ಲಿಗೆ ನಿಂತಾಗ ಮುದುಕರಾದ ಖಾಜಾಸಾಬರು ಹತ್ತಿರ ಬಂದು, "ಇದು ನಮ್ಮ ಗಾಡಿ ಇತ್ತರೀ" ಎಂದು ಡಾಕ್ಟರಿಗೆ ಹೇಳಿದರು. ಇಳಿಸಿದ ಗಾಜಿನೊಳಗೆ ಕೈ ಹಾಕಿ ನನ್ನ ಮೇಲೆ ಊರಿ ಒಳಗೆಲ್ಲ ಕಣ್ಣಾಡಿಸಿ, "ನಮ್ಮದೇನೂ ಉಳದಿಲ್ಲ ಬಿಡ್ರಿ, ಎಲ್ಲಾ ಹೊಸಾದು" ಎಂದು ಕೈ ತೆಗೆದುಕೊಂಡರು. ಎದುರಿನ ಬಾಗಿಲಿನಲ್ಲಿರುವವನು ಎಳೆಯ, ಅವನಿಂದ ಇನ್ನೂ ಸೊಲ್ಯೂಷನ್ ವಾಸನೆ ಬರುತ್ತದೆ. ನನ್ನನ್ನು ತನ್ನ ವಾರಿಗೆಯವನೆಂದು ತಿಳಿದಿದ್ದಾನೆ.

ಡಾಕ್ಟರ್ ದಿನಾ ಸಂಜೆ ಆಸ್ಪತ್ರೆ ಮುಗಿಸಿ, ನನಗೆ ಮೊಣಕೈ ಊರಿಕೊಂಡು ಮನೆಗೆ ಹೋಗುತ್ತಾರೆ. ನಿನ್ನೆ ಹೆದರಿದ ರೋಗಿಯೊಬ್ಬರಿಗೆ ಫೋನಿನಲ್ಲಿ ಸಮಾಧಾನ ಹೇಳುತ್ತಿದ್ದರು, ಕ್ಯಾಪ್ ಹಾಕಿದ ಹಲ್ಲಿಗೆ ಆಮೇಲೆ ಏನೂ ಗೊತ್ತಾಗುವುದಿಲ್ಲ, ಬಿಸಿ ತಿಳಿಯುವುದಿಲ್ಲ, ತಂಪು ತಿಳಿಯುವುದಿಲ್ಲ ಎಂದು. ಅವರ ಮೊಣಕೈ ಬೆಚ್ಚಗಿತ್ತು. ನನಗೆ ಗೊತ್ತಾಗುತ್ತಿತ್ತು.